ನೂರ್ ಇನಾಯತ್ ಖಾನ್: ಬದುಕಿದ ದಿನಗಳು, ನಾವು ನೆನೆಯುವ ದಿನಗಳು

ನೂರ್ ಇನಾಯತ್ ಖಾನ್ ಅಂದಾಗ ನಿಮ್ಮ ತಲೆಗೆ ಏನು ಬರುತ್ತೆ ಅನ್ನೋದು ಆ ಹೆಸರನ್ನ ನೀವು ಮೊದಲು ಎಲ್ಲಿ ಕೇಳಿದ್ರಿ ಅನ್ನೋದರ ಮೇಲೆ ನಿಂತಿದೆ. ಊರಿನ ವಾಟ್ಸ್‌ಆ್ಯಪ್ ಗ್ರೂಪಿನ ಫಾರ್ವರ್ಡ್‌ನಲ್ಲಿ ಓದಿದ್ದರೆ ಅವರು ‘ಟಿಪ್ಪು ಸುಲ್ತಾನನ ವಂಶದ ಗೂಢಚಾರಿಣಿ’. ಬ್ರಿಟನ್ನಿನಲ್ಲಿ ಬೆಳೆದವರಾದರೆ 2020ರ ‘ಡಾಕ್ಟರ್ ಹೂ’ ಕಂತಿನಲ್ಲಿ ಯುದ್ಧಕಾಲದ ಪ್ಯಾರಿಸ್‌ನಲ್ಲಿ ಬರುವ ಧೈರ್ಯವಂತೆ. ಲಂಡನ್ನಿನ ಗಾರ್ಡನ್ ಸ್ಕ್ವೇರ್ ಪಾರ್ಕಿನಲ್ಲಿ ಅಡ್ಡಾಡಿದವರಿಗೆ 2012ರಲ್ಲಿ ನಿಲ್ಲಿಸಿದ ಒಂದು ಕಂಚಿನ ಮುಖ. ಸಿನಿಮಾ ನೋಡೋರಿಗೆ ರಾಧಿಕಾ ಆಪ್ಟೆ.

ಇದರಲ್ಲಿ ಯಾವುದನ್ನೂ ಪೂರ್ತಿ ಸುಳ್ಳು ಅನ್ನೋಕಾಗಲ್ಲ. ಆದರೆ ಇವೆಲ್ಲ ಕಥೆ ಶುರು ಮಾಡೋದು ಒಂದೇ ಜಾಗದಿಂದ: ಸಾವಿನಿಂದ. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖಾವ್ ಯಾತನಾ ಶಿಬಿರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅಲ್ಲಿ ನಿಂತು ಹಿಂದಕ್ಕೆ ನೋಡಿದರೆ ಹಿಂದಿನದೆಲ್ಲ ಆ ಬೆಳಗ್ಗೆಗೆ ತಯಾರಿ ಅನ್ನೋ ಹಾಗೆ ಕಾಣುತ್ತೆ. ಚಿಕ್ಕಂದಿನ ನಾಚಿಕೆ, ಅಪ್ಪನ ಉಪದೇಶ, ಓದಿದ ಕಥೆ, ಎಲ್ಲವೂ ಮುನ್ಸೂಚನೆ ಆಗಿಬಿಡುತ್ತೆ.

ಈ ಸಲದ ಎಪಿಸೋಡ್ ಕೇಳಿದವರಿಗೆ ಅವರ ಜೀವನದ ಕಥೆ ಸುಮಾರಾಗಿ ಗೊತ್ತಿದೆ. ಈ ಬರಹದ ಕೆಲಸ ಬೇರೆ. ಯುದ್ಧದಲ್ಲಿ ಸತ್ತ ಒಬ್ಬರ ಬದುಕನ್ನ ಪುಸ್ತಕ, ಸಿನಿಮಾ, ಸ್ಮಾರಕಗಳು ಹೇಗೆ ನೆನೆದಿವೆ, ನೆನೆಯುವಾಗ ಏನನ್ನ ಕೆಳಗೆ ಬಿಟ್ಟಿವೆ ಅಂತ ನೋಡೋಣ. ಬಿಟ್ಟದ್ದರಲ್ಲಿ ನೂರ್ ಅವರ ದೊಡ್ಡ ಪಾಲು ಇದೆ ಅನ್ನೋದು ನನ್ನ ವಾದ.

ಮೊದಲು ಕಥೆ, ಚಿಕ್ಕದಾಗಿ

ಹುಟ್ಟಿದ್ದು 1914ರ ಜನವರಿ 1, ಮಾಸ್ಕೋದಲ್ಲಿ. ಅಪ್ಪ ಹಜ್ರತ್ ಇನಾಯತ್ ಖಾನ್ ಬರೋಡಾದವರು, ಸಂಗೀತಗಾರರು, ಸೂಫಿ ಗುರುಗಳು. ಅಮ್ಮ ಓರಾ ರೇ ಬೇಕರ್ ಅಮೆರಿಕದವರು. ಅದೇ ವರ್ಷ ಸಂಸಾರ ಲಂಡನ್ನಿಗೆ ಬಂತು, 1920ರಲ್ಲಿ ಫ್ರಾನ್ಸ್‌ಗೆ ಹೋಯ್ತು. ಪ್ಯಾರಿಸ್ ಪಕ್ಕದ ಸ್ಯುರೆನ್ ಅನ್ನೋ ಊರಲ್ಲಿ ‘ಫಜಲ್ ಮಂಜಿಲ್’ ಅನ್ನೋ ಮನೆ. 1927ರಲ್ಲಿ ಅಪ್ಪ ದೆಹಲಿಯಲ್ಲಿ ತೀರಿಕೊಂಡರು. ಅಮ್ಮ ದುಃಖದಲ್ಲಿ ಕೋಣೆ ಸೇರಿದರು. 13 ವರ್ಷದ ನೂರ್ ಮೂವರು ತಮ್ಮ ತಂಗಿಯರನ್ನು ನೋಡಿಕೊಂಡರು. ಮುಂದೆ ಸೋರ್ಬಾನ್‌ನಲ್ಲಿ ಮಕ್ಕಳ ಮನೋವಿಜ್ಞಾನ ಓದಿದರು, ನಾದಿಯಾ ಬುಲಾಂಜೆ ಅವರ ಹತ್ತಿರ ಸಂಗೀತ ಕಲಿತರು, ಪತ್ರಿಕೆಗೆ ಮತ್ತು ರೇಡಿಯೋಗೆ ಮಕ್ಕಳ ಕಥೆ ಬರೆದರು. 1939ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ ಬಂತು: ಇಪ್ಪತ್ತು ಜಾತಕ ಕಥೆಗಳು.

ಜರ್ಮನ್ ಸೇನೆ ಫ್ರಾನ್ಸ್‌ಗೆ ನುಗ್ಗಿದಾಗ ಮನೆಯವರಲ್ಲಿ ಹೆಚ್ಚಿನವರು 1940ರ ಜೂನ್‌ನಲ್ಲಿ ಇಂಗ್ಲೆಂಡಿಗೆ ಓಡಿಬಂದರು. ನವೆಂಬರ್‌ನಲ್ಲಿ ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿದರು, ವೈರ್‌ಲೆಸ್ ಕೆಲಸ ಕಲಿತರು. 1943ರ ಫೆಬ್ರವರಿಯಲ್ಲಿ ಎಸ್‌ಒಇ ಅನ್ನೋ ಗುಪ್ತ ಸಂಸ್ಥೆ ಅವರನ್ನು ತೆಗೆದುಕೊಂಡಿತು. ಶತ್ರುವಿನ ಹಿಡಿತದಲ್ಲಿದ್ದ ದೇಶಗಳ ಒಳಗೆ ಜನರನ್ನ ಇಳಿಸಿ ಪ್ರತಿರೋಧಕ್ಕೆ ನೆರವು ಕೊಡೋದು ಆ ಸಂಸ್ಥೆಯ ಕೆಲಸ. ಜೂನ್ 16ರ ರಾತ್ರಿ ಚಿಕ್ಕ ಲೈಸ್ಯಾಂಡರ್ ವಿಮಾನದಲ್ಲಿ ಫ್ರಾನ್ಸ್‌ನಲ್ಲಿ ಇಳಿದರು. ಗುಪ್ತನಾಮ ‘ಮ್ಯಾಡಲೀನ್’. ಎಸ್‌ಒಇ ಫ್ರಾನ್ಸ್‌ಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರು.

ಇಳಿದ ಕೆಲವೇ ದಿನದಲ್ಲಿ ಅವರು ಸೇರಬೇಕಿದ್ದ ‘ಪ್ರಾಸ್ಪರ್’ ಜಾಲ ಕುಸಿದುಬಿತ್ತು, ಸುತ್ತಮುತ್ತಲಿನವರೆಲ್ಲ ಬಂಧನಕ್ಕೆ ಸಿಕ್ಕರು. ವಾಪಸ್ ಬಾ ಅಂತ ಲಂಡನ್ ಕರೆಯಿತು. ಅವರು ಒಪ್ಪಲಿಲ್ಲ. ಅಕ್ಟೋಬರ್ 13ರ ಹೊತ್ತಿಗೆ ಯಾರೋ ಸುಳಿವು ಕೊಟ್ಟು ಸಿಕ್ಕಿಬಿದ್ದರು. ಎರಡು ಸಲ ತಪ್ಪಿಸಿಕೊಳ್ಳೋಕೆ ನೋಡಿದರು. ಇನ್ನು ಓಡಿಹೋಗಲ್ಲ ಅಂತ ಬರೆದುಕೊಡೋಕೆ ಒಪ್ಪದೇ ಇದ್ದಾಗ ಜರ್ಮನಿಗೆ ಕಳಿಸಿದರು. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿ, ಒಂಟಿ ಕೋಣೆ. ಆಮೇಲೆ ಡಾಖಾವ್. 1949ರಲ್ಲಿ ಮರಣೋತ್ತರವಾಗಿ ಬ್ರಿಟನ್ನಿನ ಜಾರ್ಜ್ ಕ್ರಾಸ್ ಕೊಟ್ಟರು. ಫ್ರಾನ್ಸ್ ಕ್ರೋಯ್ ದ ಗೇರ್ ಕೊಟ್ಟಿತು.

ದಿನಗಳ ಲೆಕ್ಕ

ನನ್ನ ಕಸುಬು ಡೇಟಾ. ಯಾವ ಕಥೆ ಕೊಟ್ಟರೂ ಮೊದಲು ಎಣಿಸಿ ನೋಡೋದು ರೂಢಿ. ಇಲ್ಲಿ ಲೆಕ್ಕ ಸುಲಭ. 1914ರ ಜನವರಿ 1ರಿಂದ 1944ರ ಸೆಪ್ಟೆಂಬರ್ 13ರವರೆಗೆ ಸುಮಾರು 11,200 ದಿನ. ಅದರಲ್ಲಿ ಫ್ರಾನ್ಸ್‌ನಲ್ಲಿ ಏಜೆಂಟ್ ಆಗಿ ಓಡಾಡಿದ್ದು 118 ದಿನ. ಶತ್ರುವಿನ ಸೆರೆಯಲ್ಲಿ 336 ದಿನ. ಅಂದರೆ ನಾವು ನೆನೆಯೋ ‘ಮ್ಯಾಡಲೀನ್’ ಅವರ ಬದುಕಿನ ಶೇಕಡಾ 1. ಸೆರೆ ಸೇರಿಸಿದರೂ ಶೇಕಡಾ 4ರ ಸುತ್ತಮುತ್ತ.

ಆ ಶೇಕಡಾ 1 ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಆಗ ಪ್ಯಾರಿಸ್‌ನಲ್ಲಿ ವೈರ್‌ಲೆಸ್ ಆಪರೇಟರ್ ಒಬ್ಬರು ಸುಮಾರು ಆರು ವಾರ ಉಳಿದರೆ ಹೆಚ್ಚು ಅನ್ನೋ ಅಂದಾಜಿತ್ತು. ನೂರ್ ಉಳಿದದ್ದು ಹದಿನೇಳು ವಾರ. ಒಂದು ಸೂಟ್‌ಕೇಸ್‌ನಲ್ಲಿ ರೇಡಿಯೋ ಹೊತ್ತುಕೊಂಡು ಮನೆಯಿಂದ ಮನೆಗೆ ಬದಲಾಯಿಸ್ತಾ, ಎಲ್ಲೋ ಒಂದು ಕಡೆ ಏರಿಯಲ್ ತಂತಿ ಕಟ್ಟಿ, ಜರ್ಮನರ ಪತ್ತೆ ವಾಹನ ಹತ್ತಿರ ಬರುವ ಮೊದಲು ಸಂದೇಶ ಮುಗಿಸಿ ಜಾಗ ಬಿಡಬೇಕು. ಇಂಥ ದಿನಗಳಿಗೆ ತೂಕ ಹೆಚ್ಚು, ನಿಜ.

ಆದರೆ ಉಳಿದ ಶೇಕಡಾ 96 ಏನಾಯ್ತು? ಆ ದಿನಗಳನ್ನು ಬಿಟ್ಟರೆ, ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವರು ಯಾರು ಅನ್ನೋ ಪ್ರಶ್ನೆಗೇ ಉತ್ತರ ಇರಲ್ಲ. ಧೈರ್ಯ ಉಳಿಯುತ್ತೆ, ಧೈರ್ಯ ತೋರಿಸಿದ ಮನುಷ್ಯರು ಕಾಣಲ್ಲ. ‘ಡಾಕ್ಟರ್ ಹೂ’ ಕಂತಿನ ಕೊನೆಯಲ್ಲಿ ನಾಯಕಿ ನೂರ್ ಅವರ ನೆನಪನ್ನೇ ಅಳಿಸಿಹಾಕ್ತಾಳೆ. ಕಥೆಗೆ ಅದು ಬೇಕಿತ್ತು. ಆದರೆ ಸ್ಮರಣೆಯ ಹೆಸರಿನಲ್ಲಿ ನಾವು ಮಾಡೋದೂ ಎಷ್ಟೋ ಸಲ ಅದೇ ಕೆಲಸ.

ನಮ್ಮ ವೀರಗಲ್ಲುಗಳನ್ನ ನೆನಪು ಮಾಡಿಕೊಳ್ಳಿ. ಯುದ್ಧದಲ್ಲೋ, ಊರಿನ ದನಗಳನ್ನು ಕಳ್ಳರಿಂದ ಉಳಿಸುವಾಗಲೋ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ದೇವರ ಸನ್ನಿಧಿ. ಬಾಲ್ಯಕ್ಕೆ ಹಂತ ಇಲ್ಲ, ಮದುವೆಗೆ ಇಲ್ಲ, ಹೊಲ ಉತ್ತದ್ದಕ್ಕೆ ಇಲ್ಲ. ಆದರೂ ಆ ಕಲ್ಲು ನ್ಯಾಯವಾಗೇ ಇತ್ತು. ಯಾಕಂದ್ರೆ ಅದು ನಿಂತದ್ದು ಆ ವೀರನ ಊರಲ್ಲಿ. ಅವನ ಹಟ, ಅವನ ನಗು, ಅವನ ಸಾಲ ಎಲ್ಲ ಗೊತ್ತಿದ್ದ ಜನರ ಕಣ್ಣೆದುರು. ಕಲ್ಲು ಸಾವನ್ನ ಹೇಳಿದರೆ ಸಾಕಿತ್ತು, ಉಳಿದದ್ದನ್ನ ಊರು ಹೇಳ್ತಿತ್ತು. ನೂರ್‌ಗೆ ಅಂಥ ಒಂದು ಊರಿಲ್ಲ. ಮಾಸ್ಕೋ, ಲಂಡನ್, ಸ್ಯುರೆನ್, ಅಪ್ಪನ ಬರೋಡಾ, ಅಮ್ಮನ ಅಮೆರಿಕ. ನೆನಪು ಹಂಚಿಹೋಗಿದೆ. ಹಾಗಾಗಿ ಅವರ ವಿಷಯದಲ್ಲಿ ಬರೀ ಕಲ್ಲು ಸಾಲದು. ಪುಸ್ತಕಗಳು ಊರಿನ ಕೆಲಸ ಮಾಡಬೇಕು.

ಎರಡು ಜೀವನಚರಿತ್ರೆ

ಮೊದಲು ಆ ಕೆಲಸಕ್ಕೆ ಕೈಹಾಕಿದವರು ಜೀನ್ ಓವರ್‌ಟನ್ ಫುಲ್ಲರ್. ಅವರ ‘ಮ್ಯಾಡಲೀನ್’ ಬಂದದ್ದು 1952ರಲ್ಲಿ. ಫುಲ್ಲರ್ ನೂರ್ ಅವರ ಗೆಳತಿ. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಆ ಮನೆಯವರಿಗೆ ಹತ್ತಿರವಿದ್ದವರು. ಸರ್ಕಾರಿ ಕಡತ ಯಾವುದೂ ತೆರೆದಿರಲಿಲ್ಲ. ಹಾಗಾಗಿ ಸ್ವತಃ ಹೋಗಿ ಜನರನ್ನ ಹುಡುಕಿದರು. ಪ್ಯಾರಿಸ್‌ನ 84, ಅವೆನ್ಯೂ ಫಾಶ್ ಕಟ್ಟಡದಲ್ಲಿ ಜರ್ಮನರ ಪರವಾಗಿ ದುಭಾಷಿಯಾಗಿದ್ದವನನ್ನೂ ಮಾತಾಡಿಸಿದರು. ಆ ಪುಸ್ತಕದ ಬಲ ಇರೋದು ಇಲ್ಲಿ: ಬರೆದವರಿಗೆ ನೂರ್ ಬದುಕಿದ್ದಾಗ ಗೊತ್ತಿತ್ತು. ಗೆಳತಿಯ ಕಣ್ಣಿಗೆ ಬೀಳೋ ಸಣ್ಣ ಸಂಗತಿಗಳು ಕಡತಕ್ಕೆ ಬೀಳಲ್ಲ. ದೌರ್ಬಲ್ಯವೂ ಅಲ್ಲೇ. ಪ್ರೀತಿ ಇರುವ ಕಡೆ ಅಳತೆ ಸ್ವಲ್ಪ ಸಡಿಲ. ಗೆಳತಿಯ ಮೌನವನ್ನೆಲ್ಲ ಆಳ ಅಂತಲೇ ಓದುತ್ತಾರೆ.

ಇನ್ನೊಂದು ಶ್ರಾಬಣಿ ಬಸು ಅವರ ‘ಸ್ಪೈ ಪ್ರಿನ್ಸೆಸ್’, 2006. ನೂರ್ ಅವರ ವೈಯಕ್ತಿಕ ಕಡತ 2003ರಲ್ಲಿ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ತೆರೆದ ಮೇಲೆ ಬಂದ ಪುಸ್ತಕ. ಬಸು ಪತ್ರಕರ್ತೆ. ದಿನಾಂಕ, ಕಾಗದ, ಹೆಸರುಗಳನ್ನ ಸಾಲಾಗಿ ಜೋಡಿಸ್ತಾರೆ. ನಿಮಗೆ ಒಂದೇ ಪುಸ್ತಕ ಓದೋಕೆ ಸಮಯ ಇದ್ದರೆ ಇದನ್ನೇ ಓದಿ. ಇದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸಿದ್ದು ನೂರ್ ಮತ್ತು ತಮ್ಮ ವಿಲಾಯತ್ 1940ರಲ್ಲಿ ಮಾಡಿದ ಚರ್ಚೆ. ಅಹಿಂಸೆಯಲ್ಲಿ ಬೆಳೆದವರು ಅವರು. ಕೊಲ್ಲೋಕೆ ಮನಸ್ಸಿಲ್ಲ, ನಾಜಿಗಳನ್ನ ಸುಮ್ಮನೆ ನೋಡಿಕೊಂಡು ಕೂರೋಕೂ ಮನಸ್ಸಿಲ್ಲ. ಕೊನೆಗೆ, ಕೈಯಾರೆ ಕೊಲ್ಲಬೇಕಿಲ್ಲದ ಆದರೆ ಅಪಾಯ ಅತಿ ಹೆಚ್ಚಿರುವ ಕೆಲಸ ಆರಿಸಿಕೊಳ್ಳೋಣ ಅನ್ನೋ ತೀರ್ಮಾನಕ್ಕೆ ಬರ್ತಾರೆ. ಭಾರತದ ಸ್ವಾತಂತ್ರ್ಯದ ಬಗ್ಗೆ ಬ್ರಿಟಿಷ್ ಅಧಿಕಾರಿಗಳ ಮುಂದೆ ನೂರ್ ಮುಚ್ಚುಮರೆ ಇಲ್ಲದೆ ಮಾತಾಡಿದ ಪ್ರಸಂಗವನ್ನೂ ಬಸು ಹೇಳ್ತಾರೆ. ಯುದ್ಧ ಮುಗಿದ ಮೇಲೆ ತನ್ನ ಬೆಂಬಲ ಭಾರತದ ಸ್ವಾತಂತ್ರ್ಯಕ್ಕೆ ಅನ್ನೋದು ಅವರ ನಿಲುವಾಗಿತ್ತು.

ಈ ಎರಡು ಪ್ರಸಂಗ ಓದಿದ ಮೇಲೆ ‘ಬ್ರಿಟನ್ನಿಗಾಗಿ ಪ್ರಾಣ ಕೊಟ್ಟ ನಿಷ್ಠಾವಂತೆ’ ಅನ್ನೋ ಚಿತ್ರವೂ ನಿಲ್ಲಲ್ಲ, ‘ಬ್ರಿಟಿಷರ ಕೈಗೊಂಬೆ’ ಅನ್ನೋ ಚಿತ್ರವೂ ನಿಲ್ಲಲ್ಲ. ಆದರೆ ಬಸು ಒಂದು ಕಡೆ ನಿಲ್ಲಬಾರದ ಜಾಗದಲ್ಲಿ ನಿಲ್ತಾರೆ ಅಂತ ನನಗೆ ಅನಿಸುತ್ತೆ. ರೇಡಿಯೋ ಆಪರೇಟರ್ ಕೈಯಾರೆ ಯಾರನ್ನೂ ಕೊಲ್ಲಲ್ಲ, ನಿಜ. ಆದರೆ ಆ ಸಂದೇಶಗಳ ಮೂಲಕವೇ ತಾನೇ ಆಯುಧಗಳು ಆಕಾಶದಿಂದ ಇಳಿದದ್ದು? ಈ ಇಕ್ಕಟ್ಟು ನೂರ್‌ಗೆ ಕಾಣದೇ ಇರೋಕೆ ಸಾಧ್ಯವಿಲ್ಲ. ಅದನ್ನ ಅವರು ಹೇಗೆ ಹೊತ್ತುಕೊಂಡರು ಅನ್ನೋ ಪ್ರಶ್ನೆಯನ್ನ ಪುಸ್ತಕ ಇನ್ನಷ್ಟು ಒತ್ತಿ ಕೇಳಬಹುದಿತ್ತು. ಬಸು ಅವರೇ ಮುಂದೆ ನಿಂತು ಗಾರ್ಡನ್ ಸ್ಕ್ವೇರ್‌ನ ಪ್ರತಿಮೆಗೆ ಹೋರಾಡಿದವರು. ಪ್ರತಿಮೆ ನಿಲ್ಲಿಸಬೇಕಾದವರಿಗೆ ಗಟ್ಟಿಯಾದ ಪೀಠ ಬೇಕು. ಜೀವನಚರಿತ್ರೆಗೆ ಬಿರುಕುಗಳೂ ಬೇಕು. ಒಬ್ಬರೇ ಎರಡೂ ಕೆಲಸ ಮಾಡೋದು ಕಷ್ಟ.

ರಾಜಕುಮಾರಿಯೂ ಅಲ್ಲ, ಸ್ಪೈಯೂ ಅಲ್ಲ

ಪುಸ್ತಕದ ಹೆಸರನ್ನೇ ನೋಡಿ. ‘ಸ್ಪೈ’ ಅಂದರೆ ಮಾಹಿತಿ ಕದಿಯೋರು. ನೂರ್ ವೈರ್‌ಲೆಸ್ ಆಪರೇಟರ್, ಬೇರೆಯವರ ಸಂದೇಶ ಕಳಿಸೋರು. ‘ಪ್ರಿನ್ಸೆಸ್’ ಅಂದರೆ ಅರಮನೆ ಇರಬೇಕು. ಇವರ ಮನೆಯಲ್ಲಿ ಬಳಸ್ತಿದ್ದ ಮರ್ಯಾದೆಯ ಪದ ‘ಪೀರ್‌ಜಾದಿ’, ಅಂದರೆ ಪೀರರ, ಸೂಫಿ ಗುರುಗಳ, ಮಗಳು. ಎರಡೂ ಶಬ್ದ ಪುಸ್ತಕ ಮಾರೋಕೆ ಚೆನ್ನಾಗಿವೆ. ಎರಡೂ ಸೇರಿದರೆ ಒಬ್ಬ ಮಕ್ಕಳ ಕಥೆಗಾರ್ತಿ ಮಾಯ ಆಗ್ತಾರೆ.

ಈಗ ನಮ್ಮ ಕಡೆಯ ಮಾತು. ಕನ್ನಡದಲ್ಲಿ ನೂರ್ ಬಗ್ಗೆ ಬರೆದಾಗಲೆಲ್ಲ ಮೊದಲ ಸಾಲಲ್ಲೇ ಟಿಪ್ಪು ಬರ್ತಾನೆ. ಇನಾಯತ್ ಖಾನ್ ಅವರ ತಾಯಿಯ ಕಡೆಯಿಂದ ಟಿಪ್ಪುವಿನ ವಂಶದ ಸಂಬಂಧ ಇದೆ ಅನ್ನೋದು ಆ ಮನೆತನ ಹೇಳಿಕೊಂಡು ಬಂದ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತಕ್ಕೆ ಸಾಗಿಸಿದರು. ಆ ಚೆದುರಿದ ಸಂಸಾರದ ಒಂದು ಎಳೆ ತಮ್ಮದು ಅಂತ ಇವರ ನಂಬಿಕೆ.

ಈ ಒಂದು ಸಾಲು ಮಾಡೋ ಕೆಲಸ ನೋಡಿ. ಟಿಪ್ಪುವನ್ನ ಮೆಚ್ಚೋರಿಗೆ ನೂರ್ ‘ಹುಲಿಯ ರಕ್ತ’ದ ಸಾಕ್ಷಿ ಆಗ್ತಾರೆ. ಟಿಪ್ಪುವನ್ನ ದ್ವೇಷಿಸೋರಿಗೆ ನೂರ್ ಬಗ್ಗೆ ಓದೋ ಆಸಕ್ತಿಯೇ ಹೋಗುತ್ತೆ. ಟಿಪ್ಪು ಜಯಂತಿಯನ್ನ 2015ರಲ್ಲಿ ಸರ್ಕಾರಿ ಆಚರಣೆ ಮಾಡಿದ್ದು, 2019ರಲ್ಲಿ ನಿಲ್ಲಿಸಿದ್ದು, ಆ ಜಗಳದ ಬಿಸಿ ನಮಗೆಲ್ಲ ಗೊತ್ತು. ಇಪ್ಪತ್ತನೇ ಶತಮಾನದ ಒಬ್ಬ ಹೆಣ್ಣುಮಗಳನ್ನ ಹದಿನೆಂಟನೇ ಶತಮಾನದ ಆ ಜಗಳದಲ್ಲಿ ಪಕ್ಷಕ್ಕೆ ಸೇರಿಸೋದು ಅವರಿಗೆ ಮಾಡೋ ಮರ್ಯಾದೆ ಅಲ್ಲ. ಲಂಡನ್ನಿಗೆ ಬಾ ಅಂದಾಗ ಬರಲ್ಲ ಅಂದದ್ದು ಅವರ ತೀರ್ಮಾನ. ಅದನ್ನ ಮುತ್ತಜ್ಜನ ಮುತ್ತಜ್ಜನ ರಕ್ತಕ್ಕೆ ಬರೆದರೆ ತೀರ್ಮಾನದ ಬೆಲೆ ಅವರಿಂದ ಕಿತ್ತುಕೊಂಡ ಹಾಗೆ.

ಮೈಸೂರಿಗೆ ಸಂಬಂಧ ಹುಡುಕಲೇಬೇಕು ಅಂದರೆ ಇನ್ನೊಂದು ದಾರಿ ಇದೆ. ಇನಾಯತ್ ಖಾನ್ ಅವರ ತಾಯಿಯ ತಂದೆ ಮೌಲಾ ಬಕ್ಷ್. ಹಿಂದೂಸ್ತಾನಿ ಗಾಯಕರಾಗಿದ್ದವರು ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತ ಕಲಿತರು, ಮೈಸೂರು ಆಸ್ಥಾನದಲ್ಲಿ ಸನ್ಮಾನ ಪಡೆದರು, ಮುಂದೆ ಬರೋಡಾದಲ್ಲಿ ಸಂಗೀತ ಶಾಲೆ ಕಟ್ಟಿದರು. ನೂರ್ ವೀಣೆ ಹಿಡಿದು ಕೂತಿರುವ ಒಂದು ಫೋಟೋ ಇದೆ. ಪ್ಯಾರಿಸ್ ಪಕ್ಕದ ಮನೆಯ ಹುಡುಗಿಯ ಕೈಗೆ ವೀಣೆ ಬಂದ ಹಿನ್ನೆಲೆಯಲ್ಲಿ ಈ ಮುತ್ತಜ್ಜನ ಮೈಸೂರೂ ಇದೆ. ಈ ಸಂಬಂಧದಲ್ಲಿ ಕತ್ತಿ ಇಲ್ಲ. ಅದಕ್ಕೇ ಇರಬೇಕು, ಫಾರ್ವರ್ಡ್‌ಗಳಲ್ಲಿ ಬರಲ್ಲ.

ಶೌನಾ ಸಿಂಗ್ ಬಾಲ್ಡ್‌ವಿನ್ ಅವರ 2004ರ ಕಾದಂಬರಿ ‘ದಿ ಟೈಗರ್ ಕ್ಲಾ’ ಹೆಸರಿನಲ್ಲೇ ಹುಲಿಯ ಉಗುರು ಇದೆ. ಅಲ್ಲಿ ನೂರ್ ಫ್ರಾನ್ಸ್‌ಗೆ ಹೋಗೋದರ ಹಿಂದೆ ಪ್ರೀತಿಸಿದ ಯಹೂದಿ ಯುವಕನ ಹುಡುಕಾಟ ಇದೆ. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯ ಇದೆ, ಪುಸ್ತಕ ಓದಿಸಿಕೊಂಡೂ ಹೋಗುತ್ತೆ. ಆದರೆ ನನಗೆ ತಕರಾರು ಇರೋದು ಇಲ್ಲಿ: ಹೆಂಗಸು ಯುದ್ಧಕ್ಕೆ ಹೋಗೋಕೆ ಪ್ರೇಮ ಅನ್ನೋ ಕಾರಣ ಬೇಕೇ ಬೇಕು ಅನ್ನೋ ಹಾಗೆ ಕಥೆ ಬಾಗುತ್ತೆ. ಗಂಡಸು ಸೈನಿಕನ ಬಗ್ಗೆ ಬರೆಯುವಾಗ ಈ ಪ್ರಶ್ನೆಯನ್ನ ಯಾರೂ ಇಷ್ಟು ಕೇಳಲ್ಲ.

ಒಂದು ನೋಟ್‌ಬುಕ್

ಎಲ್ಲ ಸ್ಮಾರಕಗಳೂ ಕಾಲಿಗೆ ಬುದ್ಧಿ ಹೇಳೋ ಜಾಗ ಇದು. ನೂರ್ ತಾವು ಕಳಿಸಿದ, ಪಡೆದ ಸಂದೇಶಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದರು. ಮಾಡಬಾರದ ಕೆಲಸ ಅದು. ಸೂಚನೆಯ ಒಂದು ಪದವನ್ನ ಅವರು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದು ಅನ್ನೋದು ಇತಿಹಾಸಕಾರರ ಒಂದು ಊಹೆ. ಬಂಧನವಾದಾಗ ಆ ನೋಟ್‌ಬುಕ್ ಜರ್ಮನರಿಗೆ ಸಿಕ್ಕಿತು, ರೇಡಿಯೋ ಸೆಟ್ಟೂ ಸಿಕ್ಕಿತು. ಅದನ್ನ ಬಳಸಿ ಅವರು ನೂರ್ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸ್ತಾ ಹೋದರು. ಜರ್ಮನರು ಇದನ್ನ ‘ರೇಡಿಯೋ ಆಟ’ ಅಂತಲೇ ಕರೀತಿದ್ದರು. ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಶಾರ್ತ್ರ್ ಹತ್ತಿರ ಪ್ಯಾರಾಶೂಟ್‌ನಲ್ಲಿ ಇಳಿದ ಏಜೆಂಟರನ್ನ ಬರಮಾಡಿಕೊಂಡದ್ದು ಜರ್ಮನರು. ಹಾಗೆ ಇಳಿದವರಲ್ಲಿ ಒಬ್ಬರು ಮ್ಯಾಡಲೀನ್ ಡಮೆರ್‌ಮಾಂ. ಆರೂವರೆ ತಿಂಗಳ ಮೇಲೆ ಡಾಖಾವ್‌ನಲ್ಲಿ ನೂರ್ ಜೊತೆ ಅದೇ ಬೆಳಗ್ಗೆ ಸತ್ತರು.

ಈ ಎರಡು ವಾಕ್ಯಗಳನ್ನ ಒಟ್ಟಿಗೆ ಓದೋಕೆ ಕಷ್ಟ. ಹಾಗಾಗಿ ಹೊಗಳೋರು ನೋಟ್‌ಬುಕ್ ಬಿಡ್ತಾರೆ, ತೆಗಳೋರು ಅದನ್ನಷ್ಟೇ ಹಿಡ್ಕೊಳ್ತಾರೆ. ಬಸು ಇದನ್ನ ಮುಚ್ಚಿಡಲ್ಲ, ಅದು ಅವರ ಪ್ರಾಮಾಣಿಕತೆ.

ಆದರೆ ಇದನ್ನ ತೂಗೋಕೆ ಇನ್ನೊಂದು ಪುಸ್ತಕ ಬೇಕು: ಎಸ್‌ಒಇಯ ಗೂಢಲಿಪಿ ವಿಭಾಗ ನೋಡಿಕೊಳ್ತಿದ್ದ ಲಿಯೋ ಮಾರ್ಕ್ಸ್ ಅವರ ಆತ್ಮಕಥನ, ‘ಬಿಟ್ವೀನ್ ಸಿಲ್ಕ್ ಅಂಡ್ ಸಯನೈಡ್’, 1998. ನೂರ್ ತರಬೇತಿ ವರದಿಗಳಲ್ಲಿ ಅವರ ಬುದ್ಧಿಯ ಬಗ್ಗೆಯೇ ಅನುಮಾನ ಇತ್ತು. ಸುಳ್ಳು ಹೇಳೋಕೆ ಬರಲ್ಲ ಅನ್ನೋದು ದೊಡ್ಡ ದೂರು. ಮಾರ್ಕ್ಸ್ ಏನು ಮಾಡಿದರು ಗೊತ್ತಾ? ಅವರ ಜಾತಕ ಕಥೆಗಳ ಪುಸ್ತಕ ತರಿಸಿ ಓದಿದರು. ಅದರಲ್ಲಿ ಕಪಿರಾಜನ ಕಥೆ ಇದೆ. ಬೆನ್ನಟ್ಟಿ ಬಂದವರಿಂದ ತನ್ನ ಕೋತಿಗಳನ್ನ ಉಳಿಸೋಕೆ ರಾಜ ತನ್ನ ಮೈಯನ್ನೇ ನದಿಗೆ ಸೇತುವೆ ಮಾಡ್ತಾನೆ, ಎಲ್ಲವೂ ಅವನ ಮೇಲೆ ಹಾಯ್ದು ದಾಟುತ್ತವೆ. ಸಂದೇಶದ ಒಂದೊಂದು ಅಕ್ಷರವೂ ಪ್ಯಾರಿಸ್‌ನಿಂದ ಲಂಡನ್ನಿಗೆ ಆ ಸೇತುವೆ ದಾಟ್ತಿರೋ ಕೋತಿ ಅಂದುಕೋ ಅಂತ ಹೇಳಿಕೊಟ್ಟರಂತೆ. ಅಲ್ಲಿಂದ ಅವರ ತಪ್ಪುಗಳು ಕಡಿಮೆ ಆದವು.

ಸುಳ್ಳಿನ ಸಮಸ್ಯೆಗೂ ಒಂದು ಉಪಾಯ ಮಾಡಿದರು. ಗೂಢಲಿಪಿಗೆ ಕೀಲಿಯಾಗಿ ಪ್ರತಿಸಲ ಕೆಲವು ಪದ ಆರಿಸಬೇಕು. ಅವುಗಳ ಅಕ್ಷರ ಒಟ್ಟು 18 ಆಗೋ ಹಾಗೆ ಯಾವತ್ತೂ ಆರಿಸಬೇಡ, ಸಿಕ್ಕಿಬಿದ್ದರೆ ಮಾತ್ರ 18 ಬಳಸು. ಈ ಗುಟ್ಟನ್ನ ಜರ್ಮನರು ಕೇಳೋ ಸಾಧ್ಯತೆಯೇ ಇಲ್ಲ, ಕೇಳದ ಪ್ರಶ್ನೆಗೆ ಸುಳ್ಳು ಹೇಳಬೇಕಾಗಿಲ್ಲ. ಎಷ್ಟು ಚಂದದ ವಿನ್ಯಾಸ ನೋಡಿ: ಮನುಷ್ಯರನ್ನ ವ್ಯವಸ್ಥೆಗೆ ತಕ್ಕಂತೆ ಬಗ್ಗಿಸೋ ಬದಲು ವ್ಯವಸ್ಥೆಯನ್ನ ಮನುಷ್ಯರಿಗೆ ತಕ್ಕಂತೆ ಬಗ್ಗಿಸಿದ್ದು. ಮಾರ್ಕ್ಸ್ ಹೇಳೋ ಪ್ರಕಾರ ಆ 18 ಬಂದೇ ಬಂತು. ಅವರು ಮೇಲಿನವರಿಗೆ ತಿಳಿಸಿದರು. ಆದರೂ ಮೇಲಿನವರು ನೂರ್ ಇನ್ನೂ ಹೊರಗೇ ಇದ್ದಾರೆ ಅನ್ನೋ ಆಸೆ ಬಿಡಲಿಲ್ಲ.

ಇದು 55 ವರ್ಷ ಆದಮೇಲೆ ಅಚ್ಚಾದ ನೆನಪು, ಚೆನ್ನಾಗಿ ಕಥೆ ಹೇಳಬಲ್ಲವರ ನೆನಪು, ಆ ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೆ ಚಿತ್ರ ಬದಲಾಗುತ್ತೆ. ಒಂದು ತಪ್ಪು ನೂರ್ ಅವರದು, ನೋಟ್‌ಬುಕ್. ಅದಕ್ಕಿಂತ ದೊಡ್ಡ ತಪ್ಪು ಲಂಡನ್ನಿನ ಕಚೇರಿಯದು: ಸಂಶಯಕ್ಕೆ ಕಾರಣಗಳಿದ್ದರೂ ತಮಗೆ ಬೇಕಾದದ್ದನ್ನೇ ನಂಬಿದ್ದು. ಇಲ್ಲಿ ಸ್ಮಾರಕದ ಒಂದು ಅನುಕೂಲ ಗಮನಿಸಿ. ಸತ್ತವರನ್ನ ದೇವತೆ ಮಾಡಿದರೆ ಅವರ ತಪ್ಪು ಮಾತ್ರ ಮುಚ್ಚಿಹೋಗಲ್ಲ, ಅವರನ್ನ ಕಳಿಸಿದವರ ತಪ್ಪೂ ಮುಚ್ಚಿಹೋಗುತ್ತೆ. ಪ್ರತಿಮೆಯ ಮುಂದೆ ನಿಂತು ‘ಇವರನ್ನ ಯಾರು, ಯಾಕೆ ಕಳಿಸಿದರು’ ಅಂತ ಕೇಳೋಕೆ ನಮಗೆ ಸಂಕೋಚ ಆಗುತ್ತೆ.

ಅದೇ ಬೆಳಗ್ಗೆ ಸತ್ತ ಉಳಿದ ಮೂವರು

ಡಾಖಾವ್‌ನಲ್ಲಿ ಆ ದಿನ ಸತ್ತವರು ನಾಲ್ವರು. ನೂರ್, ಡಮೆರ್‌ಮಾಂ, ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್. ಬೀಕ್‌ಮನ್ ನೂರ್ ಜೊತೆಗೇ ವೈರ್‌ಲೆಸ್ ತರಬೇತಿ ಪಡೆದವರು, ಉತ್ತರ ಫ್ರಾನ್ಸ್‌ನ ಸೇಂಟ್ ಕ್ವಾಂಟಾದಲ್ಲಿ ಕೆಲಸ ಮಾಡಿದವರು. ಪ್ಲೂಮನ್ ಮಾರ್ಸೇ ಸುತ್ತಮುತ್ತ ಕೆಲಸ ಮಾಡಿದವರು. ಈ ಮೂರು ಹೆಸರು ನೀವು ಮೊದಲು ಕೇಳಿದ್ರಾ? ನಾಲ್ವರಲ್ಲಿ ಜಾರ್ಜ್ ಕ್ರಾಸ್ ಸಿಕ್ಕಿದ್ದು ಒಬ್ಬರಿಗೆ. ಪುಸ್ತಕ, ಸಿನಿಮಾ, 2014ರ ಅಂಚೆ ಚೀಟಿ, 2020ರಲ್ಲಿ ಟ್ಯಾವಿಟನ್ ರಸ್ತೆಯ ಮನೆಗೆ ಹಾಕಿದ ನೀಲಿ ಫಲಕ, ಎಲ್ಲ ಆ ಒಬ್ಬರಿಗೆ.

ನೂರ್‌ಗೆ ಸಿಕ್ಕಿದ್ದು ಹೆಚ್ಚಾಯ್ತು ಅಂತ ನಾನು ಹೇಳ್ತಿಲ್ಲ. ಭಾರತೀಯ ಮೂಲದ ಹೆಣ್ಣೊಬ್ಬಳ ಮುಖ ಲಂಡನ್ನಿನ ಪಾರ್ಕಿನಲ್ಲಿ ಕಾಣೋದು ಇಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು. ನಾನು ಕೇಳೋದು ಇಷ್ಟೆ: ನಾವು ಒಬ್ಬರನ್ನ ನೆನೆಯೋಕೆ ಆರಿಸೋದು ಅವರು ಮಾಡಿದ್ದಕ್ಕೋ, ಅವರ ಕಥೆ ನಮಗೆ ಚೆನ್ನಾಗಿ ಕೇಳಿಸೋದಕ್ಕೋ?

ಇನ್ನೂ ಗಾಢವಾದ ಒಂದು ಪ್ರಕರಣ ಇದೆ. ಯುದ್ಧ ಮುಗಿದ ಮೇಲೆ ಎಸ್‌ಒಇಯ ವೆರಾ ಅಟ್ಕಿನ್ಸ್ ತಾವು ಕಳಿಸಿದ ಹೆಂಗಸರು ಏನಾದರು ಅಂತ ಜರ್ಮನಿಯೆಲ್ಲ ಹುಡುಕಿದರು. ಮೊದಲು ಅವರಿಗೆ ಸಿಕ್ಕ ಉತ್ತರ, ನೂರ್ 1944ರ ಜುಲೈನಲ್ಲಿ ನಾಟ್ಸ್‌ವೈಲರ್ ಶಿಬಿರದಲ್ಲಿ ಸತ್ತರು ಅಂತ. ಆಮೇಲೆ ಗೊತ್ತಾಯ್ತು, ಅಲ್ಲಿ ಸತ್ತದ್ದು ಸೋನಿಯಾ ಓಲ್ಶಾನೆಸ್ಕಿ ಅನ್ನೋ ಇನ್ನೊಬ್ಬರು. ಫ್ರಾನ್ಸ್‌ನಲ್ಲೇ ಸೇರಿಸಿಕೊಂಡ ಯಹೂದಿ ಹೆಣ್ಣುಮಗಳು. ಸ್ವಲ್ಪ ಕಾಲ ಅವರ ಸಾವಿಗೆ ನೂರ್ ಹೆಸರಿತ್ತು, ಅವರದಾಗಿ ಏನೂ ಇರಲಿಲ್ಲ. ಸೈನಿಕರ ಸ್ಮರಣೆಯಲ್ಲಿ ದೊಡ್ಡ ಅನ್ಯಾಯ ಆಗೋದು ಹೀಗೆ, ಯಾರೂ ಕೆಟ್ಟವರಲ್ಲದೆಯೂ: ಒಂದು ಸಾಲಿನಲ್ಲಿ ತಪ್ಪು ಹೆಸರು.

ಸಿನಿಮಾದ ಆತುರ

2019ರ ‘ಎ ಕಾಲ್ ಟು ಸ್ಪೈ’ ಚಿತ್ರದಲ್ಲಿ ನೂರ್, ವೆರಾ ಅಟ್ಕಿನ್ಸ್, ಅಮೆರಿಕದ ವರ್ಜೀನಿಯಾ ಹಾಲ್ ಮೂವರ ಕಥೆ ಹೆಣೆದಿದ್ದಾರೆ. ರಾಧಿಕಾ ಆಪ್ಟೆ ಚೆನ್ನಾಗಿ ಮಾಡಿದ್ದಾರೆ. ಹೆದರಿಕೆ ಇರೋ ಧೈರ್ಯವನ್ನ ಕಣ್ಣಲ್ಲೇ ತೋರಿಸ್ತಾರೆ. ತೊಂದರೆ ಇರೋದು ಕಟ್ಟಡದಲ್ಲಿ. ಹಾಲ್ ಫ್ರಾನ್ಸ್ ಬಿಟ್ಟು ಪಿರನೀಸ್ ಬೆಟ್ಟ ದಾಟಿದ್ದು 1942ರ ನವೆಂಬರ್‌ನಲ್ಲಿ, ನೂರ್ ಇಳಿದದ್ದು 1943ರ ಜೂನ್‌ನಲ್ಲಿ. ಇಬ್ಬರ ಕಥೆಯನ್ನ ಪಕ್ಕಪಕ್ಕ ಓಡಿಸೋಕೆ ಕಾಲವನ್ನ ಒತ್ತಬೇಕಾಗುತ್ತೆ. ಒತ್ತಿದಾಗ ಮೊದಲು ಹಿಂಡಿಹೋಗೋದು ನೂರ್ ಅವರ ಹಿಂದಿನ ಬದುಕೇ. ಸಂಗೀತ, ಮಕ್ಕಳ ಕಥೆ, ತಮ್ಮಂದಿರನ್ನ ಸಾಕಿದ್ದು, ಇವೆಲ್ಲ ಹಿನ್ನೆಲೆಯಾಗಿ ಸರಿದುಹೋಗುತ್ತೆ.

ಕೊನೆಯ ಮಾತಿನ ವಿಷಯವೂ ಇದೆ. ಗುಂಡು ಹಾರೋ ಮೊದಲು ನೂರ್ ‘ಸ್ವಾತಂತ್ರ್ಯ’ ಅಂತ ಫ್ರೆಂಚ್‌ನಲ್ಲಿ ಕೂಗಿದರು ಅನ್ನೋದು ಎಲ್ಲೆಡೆ ಬರುತ್ತೆ. ಇದರ ಮೂಲ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಬಂದ ಒಂದು ಹೇಳಿಕೆ. ನಿಜ ಇರಬಹುದು. ಆದರೆ ಒಂದೇ ಮೂಲದ ಮೇಲೆ ನಿಂತ ಒಂದು ಪದ ಇಷ್ಟು ಭಾರ ಹೊರಬಾರದು. ಓಡಿಹೋಗಲ್ಲ ಅಂತ ಬರೆದುಕೊಡೋಕೆ ಅವರು ಒಪ್ಪಲಿಲ್ಲ ಅನ್ನೋದಕ್ಕೆ ಸಾಕ್ಷಿ ಗಟ್ಟಿಯಾಗಿದೆ. ನನಗೆ ಕೇಳಿದರೆ ಅದೇ ಅವರ ಮಾತು: ಸಹಿ ಹಾಕದೆ ಇದ್ದದ್ದು.

ಎಲ್ಲಿಂದ ಶುರು ಮಾಡೋದು

ಹಾಗಾದ್ರೆ ಯುದ್ಧದಲ್ಲಿ ಸತ್ತವರನ್ನ ಹೇಗೆ ನೆನೆಯೋದು? ನೂರ್ ವಿಷಯದಲ್ಲಿ ನನ್ನ ಸಲಹೆ ಸರಳ. ಕಥೆಯನ್ನ ಆದ ಕ್ರಮದಲ್ಲೇ ಓದಿ. ಮೊದಲು ಅವರ ಜಾತಕ ಕಥೆಗಳು. ಮಕ್ಕಳಿಗೆ ಅಂತ ಬರೆದದ್ದು, ಇಂಗ್ಲಿಷ್ ಸರಳ. ಕನ್ನಡ ಕಲೀತಿರೋ ಮಕ್ಕಳಿಗೆ ಅವೇ ಕಥೆಗಳನ್ನ ನೀವು ಕನ್ನಡದಲ್ಲಿ ಹೇಳಬಹುದು. ನಮ್ಮಲ್ಲೂ ಮಕ್ಕಳ ಪದ್ಯ ಬರೆದ ಜಿ.ಪಿ. ರಾಜರತ್ನಂ ಅವರೇ ಪಾಲಿಯಿಂದ ಬೌದ್ಧ ಸಾಹಿತ್ಯವನ್ನ ಕನ್ನಡಕ್ಕೆ ತಂದವರು, ಹಾಗಾಗಿ ಈ ಕಥೆಗಳು ಕನ್ನಡಕ್ಕೆ ಹೊಸಬವಲ್ಲ. ಆಮೇಲೆ ಬಸು. ಆಮೇಲೆ ಮಾರ್ಕ್ಸ್. ಫುಲ್ಲರ್ ಪುಸ್ತಕ ಸಿಕ್ಕರೆ ಅದನ್ನೂ ಓದಿ, ಗೆಳತಿಯ ಪುಸ್ತಕ ಅನ್ನೋದು ನೆನಪಿಟ್ಟುಕೊಂಡು. ಸಿನಿಮಾ ಕೊನೆಗೆ.

ಈ ಕ್ರಮದಲ್ಲಿ ಓದಿದರೆ ಒಂದು ವ್ಯತ್ಯಾಸ ಆಗುತ್ತೆ. ಡಾಖಾವ್ ತಲುಪೋ ಹೊತ್ತಿಗೆ ನಿಮಗೆ ಆ ಮನುಷ್ಯರ ಪರಿಚಯ ಆಗಿರುತ್ತೆ. ಸಾವು ಅವರ ಬದುಕಿನ ಅರ್ಥ ಅಂತ ಅನಿಸಲ್ಲ, ಬದುಕನ್ನ ಅರ್ಧಕ್ಕೆ ಕತ್ತರಿಸಿದ್ದು ಅಂತ ಅನಿಸುತ್ತೆ. 30 ವರ್ಷದ ಕಥೆಗಾರ್ತಿ ಇನ್ನೂ ಎಷ್ಟು ಪುಸ್ತಕ ಬರೀತಿದ್ದರು ಅನ್ನೋ ಪ್ರಶ್ನೆ ಏಳುತ್ತೆ. ಆ ಪ್ರಶ್ನೆ ಏಳದ ಸ್ಮರಣೆ ಯುದ್ಧಕ್ಕೆ ಅನುಕೂಲ ಮಾಡಿಕೊಡುತ್ತೆ, ಸತ್ತವರಿಗಲ್ಲ.

ಗಾರ್ಡನ್ ಸ್ಕ್ವೇರ್‌ಗೆ ಹೋದರೆ ಪ್ರತಿಮೆಯ ಫೋಟೋ ತೆಗೆಯಿರಿ, ತಪ್ಪಿಲ್ಲ. ಸಮಯ ಇದ್ದರೆ ಲಂಡನ್ನಿಂದ ಸ್ವಲ್ಪ ದೂರದ ರನ್ನಿಮೀಡ್ ಸ್ಮಾರಕಕ್ಕೂ ಹೋಗಿ. ಸಮಾಧಿ ಇಲ್ಲದ 20,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳ ನಡುವೆ 243ನೇ ಫಲಕದಲ್ಲಿ ಅವರ ಹೆಸರಿದೆ. ಅಲ್ಲಿ ರಾಜಕುಮಾರಿ ಇಲ್ಲ, ಹುಲಿ ಇಲ್ಲ. ಹಿಂದೆ ಮುಂದೆ ಬೇರೆಯವರ ಹೆಸರುಗಳಿವೆ. ಅವುಗಳನ್ನೂ ಒಂದೆರಡು ಓದಿ ಬನ್ನಿ.